ನಿವೃತ್ತಿ ವೀಸಾದಲ್ಲಿದ್ದು ಕೆಲಸಕ್ಕೆ ಕೈಹಾಕುವ ಮುನ್ನ

50 ದಾಟಿದ ಮೇಲೆ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಟ್ಟು ಥಾಯ್ಲೆಂಡಿನಲ್ಲಿ ಹಾಯಾಗಿ ನೆಲೆಸಿದವರಿಗೂ ಒಂದೆರಡು ವರ್ಷದಲ್ಲಿ ಕೈ ಕಟ್ಟಿ ಕೂರುವುದು ಬೇಸರವಾಗುತ್ತದೆ. ಅಷ್ಟರಲ್ಲಿ ಪಕ್ಕದ ಶಾಲೆಯವರು ವಾರಕ್ಕೆರಡು ದಿನ ಇಂಗ್ಲಿಷ್ ಹೇಳಿಕೊಡಿ ಅಂತ ಕೇಳುತ್ತಾರೆ. ಗೆಳೆಯ ತನ್ನ ಹೋಟೆಲಿನ ಗಲ್ಲಾ ನೋಡಿಕೋ ಅನ್ನುತ್ತಾನೆ. ತಕ್ಷಣ ಹೂಂ ಅನ್ನಬೇಡಿ.

ನಿವೃತ್ತಿಯ ಆಧಾರದಲ್ಲಿ ಸಿಕ್ಕ ವಾಸದ ಅನುಮತಿಯಲ್ಲಿ ದುಡಿಯುವ ಹಕ್ಕಿಲ್ಲ. 'ಸಂಬಳ ತಗೊಳ್ಳೋದಿಲ್ಲ, ಸೇವೆ ಮಾತ್ರ' ಎಂಬ ಸಮಾಧಾನವೂ ನಡೆಯುವುದಿಲ್ಲ. ಸ್ವಯಂಸೇವೆಗೂ ಕೆಲಸದ ಪರವಾನಗಿ ಕೇಳಬಹುದು. ಸಿಕ್ಕಿಬಿದ್ದರೆ 5,000ದಿಂದ 50,000 ಬಾತ್ ದಂಡ, ಮೇಲೆ ಗಡಿಪಾರು. ಅಲ್ಲಿಗೇ ಮುಗಿಯದು, ಎರಡು ವರ್ಷ ಪರವಾನಗಿಗೆ ಅರ್ಜಿ ಹಾಕುವಂತಿಲ್ಲ. ಪ್ರವಾಸಿ ಗೈಡ್, ಕ್ಷೌರದಂಥ ಕೆಲವು ಕಸುಬುಗಳಂತೂ ಥಾಯ್ ಪ್ರಜೆಗಳಿಗೇ ಮೀಸಲು.

ನಿಜವಾಗಿ ದುಡಿಯಲೇಬೇಕೆಂದಿದ್ದರೆ ಮೊದಲು ಮಾಲೀಕರನ್ನು ವಿಚಾರಿಸಿ. ಸಾಮಾನ್ಯವಾಗಿ ಒಬ್ಬ ವಿದೇಶಿಗೆ ನಾಲ್ವರು ಥಾಯ್ ನೌಕರರು, 20 ಲಕ್ಷ ಬಾತ್ ಬಂಡವಾಳ ತೋರಿಸಬೇಕು. ಸಣ್ಣ ಅಂಗಡಿಯವರಿಗೆ ಇದೆಲ್ಲಿ ಸಾಧ್ಯ? ನಿಮ್ಮ ಮಾಲೀಕರಿಂದಾಗುವುದಾದರೆ ಕೆಲಸದ ವೀಸಾ, ಆಮೇಲೆ ಪರವಾನಗಿ, ಅದು ಕೈಗೆ ಬಂದ ಮೇಲಷ್ಟೇ ಕೆಲಸ. ಮಾಲೀಕರು 'ನಾಳೆಯಿಂದಲೇ ಬನ್ನಿ, ಕಾಗದ ಆಮೇಲೆ ನೋಡೋಣ' ಅಂದರೆ ಅಂಥವರ ಸಹವಾಸವೇ ಬೇಡ ಎನ್ನುವುದು ನನ್ನ ಮಾತು. ಗಡಿಪಾರಾಗುವವರು ನೀವು, ಅವರಲ್ಲ.

ಇನ್ನೊಂದು ವಿಷಯ. ಕೆಲಸದ ಮೇಲೆ ಸಿಕ್ಕ ವಾಸದ ಅನುಮತಿ ಕೆಲಸ ಬಿಟ್ಟೊಡನೆ ಮುಗಿಯುತ್ತದೆ. ಮತ್ತೆ ನಿವೃತ್ತಿ ವೀಸಾಕ್ಕೆ ಮರಳಲು ಬೇಕಾಗುತ್ತದೆ, ಹಾಗಾಗಿ ಸಂಬಳ ಬರುತ್ತಿದೆಯೆಂದು ಆ 8 ಲಕ್ಷ ಬಾತಿಗೆ ಕೈ ಹಚ್ಚಬೇಡಿ.