ಹೊರಡುವ ಕ್ಷಣದ ಹೊರೆ

ಕ್ರೀಡಾಕಾರಿನ ಬಲಾಬಲವನ್ನು ಅದರ ಪರಮವೇಗದಿಂದ ಅಳೆಯುವುದು ವಾಡಿಕೆ. ಆದರೆ ಅದರ ಅವಯವಗಳಿಗೆ ನಿಜವಾದ ಸತ್ವಪರೀಕ್ಷೆ ನಡೆಯುವುದು ನಿಂತಲ್ಲಿಂದ ಹೊರಡುವ ಮೊದಲ ಒಂದೆರಡು ಸೆಕೆಂಡುಗಳಲ್ಲಿ. ಚಾಲಕನು ಕಾರನ್ನು ಕದಲಿಸದೆಯೇ ಎಂಜಿನ್ನಿನ ವೇಗವನ್ನು ನಿಮಿಷಕ್ಕೆ ನಾಲ್ಕೈದು ಸಾವಿರ ಸುತ್ತುಗಳಿಗೆ ಏರಿಸಿ, ಥಟ್ಟನೆ ಕ್ಲಚ್ಚನ್ನು ಬಿಟ್ಟನೆನ್ನೋಣ. ಒಂದೆಡೆ ಭೋರ್ಗರೆಯುತ್ತ ಸುತ್ತುವ ಎಂಜಿನ್ನು, ಇನ್ನೊಂದೆಡೆ ನೆಲವನ್ನು ಕಚ್ಚಿ ನಿಂತ ಚಕ್ರಗಳು. ಇವೆರಡರ ನಡುವೆ ಕ್ಲಚ್ಚು, ಗೇರುಗಳು, ಚಾಲಕದಂಡ, ಡಿಫರೆನ್ಷಿಯಲ್, ಆಕ್ಸಲ್ ದಂಡಗಳು ಸರಪಳಿಯಂತೆ ಜೋಡಣೆಗೊಂಡಿವೆ. ಇವುಗಳಲ್ಲಿ ಯಾವ ಕೊಂಡಿ ದುರ್ಬಲವೋ ಅದು ಮುರಿಯುತ್ತದೆ.

ಮುರಿಯುವುದಕ್ಕೆ ಎಂಜಿನ್ನು ಆ ಕ್ಷಣ ಹುಟ್ಟಿಸುವ ಬಲವೊಂದೇ ಕಾರಣವಲ್ಲ. ಎಂಜಿನ್ನಿನ ಬೆನ್ನಿಗಿರುವ ಫ್ಲೈವೀಲ್ ಎಂಬ ಭಾರವಾದ ಚಕ್ರವು ಶಕ್ತಿಯನ್ನು ಕೂಡಿಟ್ಟುಕೊಂಡಿರುತ್ತದೆ. ವೇಗ ಎರಡರಷ್ಟಾದರೆ ಈ ಶಕ್ತಿ ನಾಲ್ಕರಷ್ಟಾಗುತ್ತದೆ. ಕ್ಲಚ್ಚು ಒಮ್ಮೆಗೇ ಕಚ್ಚಿದಾಗ ಆ ಸಂಚಿತ ಶಕ್ತಿಯೆಲ್ಲ ಸುತ್ತಿಗೆಯ ಪೆಟ್ಟಿನಂತೆ ಗೇರುಹಲ್ಲುಗಳ ಮೇಲೆ ಎರಗುತ್ತದೆ. ಹಲ್ಲುಗಳ ನಡುವೆ ಕೂದಲೆಳೆಯಷ್ಟು ಸಡಿಲವಿದ್ದೇ ಇರುವುದರಿಂದ ಪೆಟ್ಟು ಇನ್ನೂ ಬಿರುಸಾಗುತ್ತದೆ. ತೇರನ್ನೆಳೆಯುವವರು ಮೊದಲು ಹಗ್ಗವನ್ನು ಬಿಗಿಮಾಡಿಕೊಂಡು ಆಮೇಲೆ ಎಳೆಯುವುದು ಇದನ್ನರಿತೇ. ಸಡಿಲ ಹಗ್ಗವನ್ನು ಜಗ್ಗಿದರೆ ಹಗ್ಗವೇ ಹರಿದೀತು.

ಈ ಪೆಟ್ಟನ್ನು ತಗ್ಗಿಸುವುದು ಜಾರಿಕೆ. ಕ್ಲಚ್ಚಿನ ತಟ್ಟೆಗಳು ತುಸು ಹೊತ್ತು ಒಂದರ ಮೇಲೊಂದು ಜಾರಿದರೆ ಹೆಚ್ಚಿನ ಶಕ್ತಿ ಉಷ್ಣವಾಗಿ ಹೋಗುತ್ತದೆ. ತಟ್ಟೆ ಸವೆಯುತ್ತದೆ, ಸುಟ್ಟ ವಾಸನೆ ಬರುತ್ತದೆ, ಆದರೆ ಗೇರು ಉಳಿಯುತ್ತದೆ. ಟೈರು ಹೊಗೆಯೆಬ್ಬಿಸುತ್ತ ಜಾರಿದಾಗಲೂ ಹೀಗೆಯೇ. ಟೈರು ಒಮ್ಮೆ ಹಿಡಿದು ಒಮ್ಮೆ ಬಿಟ್ಟು ಕುಪ್ಪಳಿಸತೊಡಗಿದರೆ ಮಾತ್ರ ಆಕ್ಸಲ್ ದಂಡಕ್ಕೆ ಅಪಾಯ ತಪ್ಪಿದ್ದಲ್ಲ.

ಎರಡು ಚಕ್ರಗಳಿಗೆ ಮಾತ್ರ ಬಲ ಹರಿಯುವ ಕಾರಿನಲ್ಲಿ ಟೈರು ಬೇಗ ಜಾರುತ್ತದೆ. ನಾಲ್ಕೂ ಚಕ್ರಗಳಿಗೆ ಬಲ ಹರಿದಾಗ ಈ ರಕ್ಷಣೆ ಅಷ್ಟು ಸುಲಭವಾಗಿ ದೊರೆಯುವುದಿಲ್ಲ. 2007ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ನಿಸಾನ್ ಜಿಟಿ-ಆರ್ ಅಂಥ ಕಾರು. ತೂಕ 1,740 ಕಿಲೊಗ್ರಾಂ. ಎಂಜಿನ್ನಿನ ಸಾಮರ್ಥ್ಯ 480 ಅಶ್ವಶಕ್ತಿ. ಎಂಜಿನ್ನು ಮುಂದೆ, ಎರಡು ಕ್ಲಚ್ಚುಗಳ ಗೇರುಪೆಟ್ಟಿಗೆ ಹಿಂದೆ. ಮೊದಲ ಗೇರಿನಲ್ಲಿ ಎಂಜಿನ್ನಿನ ತಿರುಗುಬಲ ಚಕ್ರಕ್ಕೆ ತಲಪುವಷ್ಟರಲ್ಲಿ ಸುಮಾರು 15 ಪಟ್ಟಾಗುತ್ತದೆ. ಲೆಕ್ಕ ಹಾಕಿದರೆ ಟೈರಿನ ಅಂಚಿನಲ್ಲಿ ದೊರೆಯುವ ನೂಕುಬಲ ಸುಮಾರು 2,500 ಕಿಲೊಗ್ರಾಂ ತೂಕಕ್ಕೆ ಸಮ. ಕಾರಿನ ಭಾರವನ್ನೇ ಮೀರಿದ್ದು!

ಈ ಕಾರಿನಲ್ಲಿ ಕ್ಲಚ್ಚನ್ನು ಹಿಡಿದು ಬಿಡುವುದು ಚಾಲಕನ ಕಾಲಲ್ಲ, ಗಣಕಯಂತ್ರ. ಸ್ಥಿರತಾ ನಿಯಂತ್ರಣವನ್ನು ಆರಿಸಿ, ಬ್ರೇಕನ್ನು ಒತ್ತಿಹಿಡಿದು ವೇಗವರ್ಧಕವನ್ನು ಪೂರ್ಣ ತುಳಿದು ಬಿಟ್ಟರೆ ಕಾರು ಬಾಣದಂತೆ ಚಿಮ್ಮುತ್ತಿತ್ತು. ಹಾಗೆ ಚಿಮ್ಮಿಸಿದ ಅಮೆರಿಕದ ಕೆಲವು ಮಾಲೀಕರ ಗೇರುಪೆಟ್ಟಿಗೆಗಳು ಮುರಿದವು. ನಿಯಂತ್ರಣವನ್ನು ಆರಿಸಿ ಓಡಿಸಿದ್ದರಿಂದಾದ ಹಾನಿಗೆ ಖಾತರಿ ಸಲ್ಲದೆಂಬುದು ತಯಾರಕರ ನಿಲುವು. ಗುಂಡಿಯನ್ನೂ ಕೊಟ್ಟು, ಒತ್ತಿದವನೇ ಹೊಣೆಯೆನ್ನುವುದು ನ್ಯಾಯವೇ ಎಂದು ಮಾಲೀಕರು ಕೇಳಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಇಂಥ ಗೇರುಗಳು ದುರ್ಬಲ ಲೋಹದವೆಂದು ತಿಳಿಯಬಾರದು. ಹಲ್ಲಿನ ಹೊರಮೈಯನ್ನು ಇಂಗಾಲ ಹಾಯಿಸಿ ಗಡುಸುಗೊಳಿಸಿ, ಒಳಮೈಯನ್ನು ಪೆಟ್ಟು ತಾಳುವಂತೆ ಉಳಿಸುವುದು ಗೇರು ತಯಾರಿಕೆಯ ರೂಢಿಯ ಕ್ರಮ. ಆದರೂ ಪ್ರತಿ ಪೆಟ್ಟಿಗೂ ಹಲ್ಲಿನ ಬುಡದಲ್ಲಿ ಕಣ್ಣಿಗೆ ಕಾಣದ ಬಿರುಕು ತುಸುತುಸುವೇ ಬೆಳೆಯಬಹುದು. ಐವತ್ತು ಸಲ ತಾಳಿದ ಗೇರು ಐವತ್ತೊಂದನೆಯ ಸಲ ಮುರಿದರೆ, ತಪ್ಪು ಆ ಕೊನೆಯ ಸಲದ್ದೊಂದೇ ಅಲ್ಲ.

ದೂರುಗಳು ಹೆಚ್ಚಿದ ಮೇಲೆ ನಿಸಾನ್ ಸಂಸ್ಥೆಯು ಗಣಕಯಂತ್ರದ ಕ್ರಮವಿಧಿಯನ್ನು ತಿದ್ದಿತು. ಹೊರಡುವಾಗಿನ ಎಂಜಿನ್ನಿನ ವೇಗವನ್ನು ತಗ್ಗಿಸಿ, ಸ್ಥಿರತಾ ನಿಯಂತ್ರಣವನ್ನು ಆರಿಸದೆಯೂ ಕಾರು ಮೊದಲಿಗಿಂತ ಚುರುಕಾಗಿ ಹೊರಡುವಂತೆ ಮಾಡಿತು.