ಊರಿನ ಆರೋಗ್ಯ ಯೋಜನೆಯಲ್ಲಿ ಹಾಡಿ, ತಾಂಡಾ, ಕೇರಿಗೂ ಪಾಲಿದೆ

ಯಾವ ಮನೆಯಲ್ಲಿ ಗರ್ಭಿಣಿ ಇದ್ದಾರೆ, ಯಾವ ಮಗುವಿಗೆ ಲಸಿಕೆ ಬಾಕಿ, ಯಾರಿಗೆ ಕಫ ಪರೀಕ್ಷೆ ಆಗಬೇಕು ಎಂಬುದು ಆರೋಗ್ಯ ಇಲಾಖೆಗೆ ಬಹುಮಟ್ಟಿಗೆ ತಿಳಿಯುವುದು ಆಶಾ ಕಾರ್ಯಕರ್ತೆಯ ಮನೆಮನೆ ಸಮೀಕ್ಷೆಯಿಂದ. ಕಾಡಂಚಿನ ಜೇನುಕುರುಬರ ಹಾಡಿ, ಅಲೆಮಾರಿಗಳ ಗುಡಾರ, ಕಟ್ಟಡ ಕಾರ್ಮಿಕರ ಶೆಡ್ ಅದರಲ್ಲಿ ಬಿಟ್ಟುಹೋದರೆ ಅಲ್ಲಿನ ಕಾಯಿಲೆ ಕಡತಕ್ಕೆ ಬರುವುದಿಲ್ಲ. ಆದ್ದರಿಂದ ಚಿಕಿತ್ಸೆ ಕೇಳುವಷ್ಟೇ ಗಟ್ಟಿಯಾಗಿ, ಸಮೀಕ್ಷೆಯಲ್ಲಿ ನಮ್ಮನ್ನೂ ಸೇರಿಸಿ ಎಂದು ಕೇಳಬೇಕು.

ಕಾನೂನು ಏನು ಹೇಳುತ್ತದೆ?

ಸಕಾಲದಲ್ಲಿ ಚಿಕಿತ್ಸೆ ಸಿಗುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ, ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ ಪ್ರಕರಣದಲ್ಲಿ ಹೇಳಿದೆ. ಆಸ್ಪತ್ರೆಗೆ ಅಡೆತಡೆಯಿಲ್ಲದ ಪ್ರವೇಶ ಮತ್ತು ಚಿಕಿತ್ಸೆಯಲ್ಲಿ ಆದ್ಯತೆಯನ್ನು ವಿಕಲಚೇತನರಿಗೆ 2016ರ ಕಾಯ್ದೆ ಕೊಟ್ಟಿದೆ. ಲಿಂಗತ್ವ ಅಲ್ಪಸಂಖ್ಯಾತರಿಗೆ ಆರೋಗ್ಯ ಸೇವೆಯಲ್ಲಿ ತಾರತಮ್ಯ ಮಾಡುವುದನ್ನು 2019ರ ಕಾಯ್ದೆ ನಿಷೇಧಿಸಿದೆ. ಪರಿಶಿಷ್ಟ ಜಾತಿ, ಪಂಗಡದವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರದಂತೆ ತಡೆಯುವುದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ.

ಎಲ್ಲಿ ಕೇಳಬೇಕು?

ಮೊದಲು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿ. ಆಶಾ ಕಾರ್ಯಕರ್ತೆಯೇ ಇದರ ಸದಸ್ಯ ಕಾರ್ಯದರ್ಶಿ. ಮಾರ್ಗಸೂಚಿಯಂತೆ ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹಿಂದುಳಿದ ಸಮುದಾಯಗಳಿಗೆ ಸ್ಥಾನವಿರಬೇಕು, ತಿಂಗಳಿಗೊಮ್ಮೆ ಸಭೆ ಸೇರಬೇಕು. ಊರಿನ ಆರೋಗ್ಯ ಯೋಜನೆ ತಯಾರಿಸುವುದು ಇದರದೇ ಕೆಲಸ. ನಿಮ್ಮ ಕೇರಿಯಿಂದ ಯಾರೂ ಸದಸ್ಯರಿಲ್ಲದಿದ್ದರೆ ಒಬ್ಬರನ್ನು ಸೇರಿಸಲು ಲಿಖಿತವಾಗಿ ಕೋರಿ.

ಎರಡನೆಯದು ವಾರ್ಡ್ ಸಭೆ ಮತ್ತು ಗ್ರಾಮಸಭೆ. ಬಿಟ್ಟುಹೋದ ಮನೆಗಳು, ಅಲ್ಲಿನ ಮಕ್ಕಳು, ವೃದ್ಧರು, ವಿಕಲಚೇತನರ ಸಂಖ್ಯೆ, ಆರೋಗ್ಯ ಕೇಂದ್ರಕ್ಕಿರುವ ದೂರ ಇಷ್ಟನ್ನು ಬರೆದು ಪಿಡಿಒಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ವಿಷಯ ನಡಾವಳಿ ಪುಸ್ತಕದಲ್ಲಿ ದಾಖಲಾಯಿತೇ ಎಂದು ನೋಡಿಕೊಂಡೇ ಏಳಿ. ಆದರೆ ರೋಗಿಗಳ ಹೆಸರನ್ನು ಸಭೆಯಲ್ಲಿ ಹೇಳಬೇಡಿ. ಸಂಖ್ಯೆ ಮತ್ತು ಕೊರತೆ ಹೇಳಿದರೆ ಸಾಕು. ಒಬ್ಬರ ಕಾಯಿಲೆಯನ್ನು ಹತ್ತು ಜನರ ಮುಂದೆ ಎಳೆದು ತಂದರೆ ಅವರು ಇನ್ನೊಮ್ಮೆ ಸಮೀಕ್ಷೆಗೆ ಬಾಗಿಲು ತೆರೆಯಲಾರರು.

ಉತ್ತರ ಬಾರದಿದ್ದರೆ?

ಸಮಿತಿಯ ಸದಸ್ಯರ ಪಟ್ಟಿ, ಸಭೆಯ ನಡಾವಳಿ, ಸಮೀಕ್ಷೆಗೆ ಒಳಪಟ್ಟ ಜನವಸತಿಗಳ ಪಟ್ಟಿ ಕೊಡಿ ಎಂದು ಮಾಹಿತಿ ಹಕ್ಕು ಕಾಯ್ದೆ 2005ರಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಬರೆಯಲು ಬಾರದವರು ಬಾಯಲ್ಲಿ ಹೇಳಿದ್ದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು. 30 ದಿನದೊಳಗೆ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು.

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ವಿಕಲಚೇತನರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಒಬ್ಬರೇ ಹೋಗುವುದಕ್ಕಿಂತ ಕೇರಿಯವರೆಲ್ಲ ಸಹಿ, ಹೆಬ್ಬೆಟ್ಟು ಹಾಕಿದ ಮನವಿಯೊಂದಿಗೆ ಹೋಗಿ. ಅಂಥ ಮನವಿಯನ್ನು ಬದಿಗಿಡುವುದು ಯಾವ ಕಚೇರಿಗೂ ಸುಲಭವಲ್ಲ.