ಪಟ್ಟಿ ಖಾಲಿಯಿದ್ದ ದಿನವೂ ನೋಡು

ತಮ್ಮಾ, ಸಂತಪುರ ಬಿಟ್ಟು ಬೆಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಸೇರುತ್ತಿದ್ದೀಯೆಂದು ನಿಮ್ಮಪ್ಪ ಹೇಳಿದ. ಬಹಳ ಸಂತೋಷವಾಯಿತು. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವನು ನಾನು, ಒಂದೆರಡು ಮಾತು ಕೇಳು.

ತೊಗರಿ ಹೂ ಹಿಡಿದ ಮೇಲೆ ನಿಮ್ಮಪ್ಪ ಹೊಲಕ್ಕೆ ಹೋಗಿ ಗಿಡ ಅಲುಗಿಸಿ ಎಷ್ಟು ಹುಳ ಉದುರಿದವೆಂದು ನೋಡುವುದು ನಿನಗೆ ಗೊತ್ತು. ಬದುವಿನ ಮೇಲೆ ನಿಂತು ನೋಡಿದರೆ ಹೊಲವೆಲ್ಲ ಹಳದಿ ಹೂವೇ. ಕಾಯಿಕೊರಕ ಕಾಣಬೇಕೆಂದರೆ ಸಾಲಿನೊಳಗೆ ಇಳಿಯಬೇಕು. ಸರ್ವರ್ ಓಡುತ್ತಿದೆ, ಯಾರೂ ದೂರು ಹೇಳಿಲ್ಲ ಎಂದು ನೀನು ಬದುವಿನ ಮೇಲೆಯೇ ನಿಲ್ಲಬೇಡ, ಒಳಗಿಳಿದು ಯಾವ ಅಪ್‌ಡೇಟ್ ಬಾಕಿಯಿದೆಯೆಂದು ನೋಡು.

ಭದ್ರತಾ ಅಪ್‌ಡೇಟ್ ಬಂದ ದಿನ ನಿನಗೆ ಸುದ್ದಿ ಮುಟ್ಟುವ ಹೊತ್ತಿಗೆ ಕಳ್ಳನಿಗೂ ಮುಟ್ಟಿರುತ್ತದೆ. ಹಳೆಯ ಪ್ಯಾಕೇಜನ್ನೂ ಹೊಸದನ್ನೂ ಹೋಲಿಸಿ ನೋಡಿದರೆ ತೂತು ಎಲ್ಲಿತ್ತೆಂದು ಅವನಿಗೆ ಗೊತ್ತಾಗುತ್ತದೆ. ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದು ವಿಂಡೋಸ್‌ಗೆ ಒಂದು ಪ್ಯಾಚ್ ಕೊಟ್ಟಿತ್ತು. ಅದನ್ನು ಹಾಕಿಕೊಳ್ಳದ ಕಂಪ್ಯೂಟರ್‌ಗಳಿಗೆ ಮೇ 12ರಂದು ವಾನಾಕ್ರೈ ಎಂಬ ಕುತಂತ್ರಾಂಶ ನುಗ್ಗಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ನಿಂತವು. ನಡುವೆ 59 ದಿನ ಇದ್ದವು, ತಮ್ಮಾ. ಔಷಧ ಕೈಯಲ್ಲಿತ್ತು.

ನನ್ನ ತಪ್ಪನ್ನೂ ಹೇಳುತ್ತೇನೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ, ನಾನಿದ್ದ ಕಚೇರಿಯ ಸರ್ವರ್‌ಗಳಿಗೆಲ್ಲ ಅದೇ ವಾರ ಹೊಸ ಪ್ಯಾಕೇಜ್ ಹಾಕಿದೆ, ನಿಶ್ಚಿಂತೆಯಿಂದ ಮಲಗಿದೆ. ಒಂದು ವೆಬ್ ಸರ್ವರನ್ನು ರೀಸ್ಟಾರ್ಟ್ ಮಾಡಿರಲಿಲ್ಲ. ಡಿಸ್ಕ್‌ನಲ್ಲಿ ಹೊಸದು ಬಂದು ಕೂತಿತ್ತು, ಮೆಮೊರಿಯಲ್ಲಿ ಹಳೆಯದೇ ಓಡುತ್ತಿತ್ತು. ಗೊತ್ತಾದದ್ದು ಮೂರು ವಾರದ ಮೇಲೆ. ಆ ಮೂರು ವಾರದಲ್ಲಿ ಯಾರ ಪಾಸ್‌ವರ್ಡ್ ಸೋರಿತೋ ಹೇಳಲು ಬರುವುದಿಲ್ಲ, ಏಕೆಂದರೆ ಆ ದೋಷದ ಮೂಲಕ ಕದ್ದವರು ಸಾಮಾನ್ಯ ಲಾಗ್‌ನಲ್ಲಿ ಗುರುತು ಬಿಡುತ್ತಿರಲಿಲ್ಲ. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ. ಉಬುಂಟು, ಡೆಬಿಯನ್‌ಗಳಲ್ಲಿ ಈಗ ನೀಡ್‌ರೀಸ್ಟಾರ್ಟ್ ಎಂಬ ಉಪಕರಣ ಇದೆ, ಯಾವ ಸರ್ವಿಸ್ ಇನ್ನೂ ಹಳೆಯ ಲೈಬ್ರರಿ ಹಿಡಿದುಕೊಂಡಿದೆ ಎಂದು ತೋರಿಸುತ್ತದೆ. ಪ್ಯಾಕೇಜ್ ಹಾಕಿದ ಮೇಲೆ ಅದನ್ನು ನೋಡದೆ ಏಳಬೇಡ.

ಬಾಕಿ ಅಪ್‌ಡೇಟ್‌ಗಳ ಪಟ್ಟಿಯನ್ನು ಅಪ್ಟಿಕ್ರಾನ್ ಎಂಬ ಉಪಕರಣ ಮೇಲ್ ಮಾಡುತ್ತದೆ. ಭದ್ರತಾ ಅಪ್‌ಡೇಟ್‌ಗಳನ್ನು ತಾನಾಗಿ ಹಾಕುವ ವ್ಯವಸ್ಥೆಯೂ ಇದೆ. ಎರಡನ್ನೂ ಬಳಸು. ಆದರೆ ಮೇಲ್ ಬರಲಿಲ್ಲವೆಂದರೆ ಬಾಕಿ ಏನೂ ಇಲ್ಲವೆಂದು ತಿಳಿಯಬೇಡ, ಮೇಲ್ ಕಳಿಸುವುದೇ ಕೆಟ್ಟಿರಬಹುದು. ಪಟ್ಟಿಯಲ್ಲಿ ಸೊನ್ನೆ ಕಂಡರೂ ಹಿಗ್ಗಬೇಡ. ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30ಕ್ಕೆ ಅಪ್‌ಡೇಟ್‌ಗಳು ನಿಂತವು. ಅದರ ಪಟ್ಟಿಗೆ ಹೊಸದೇನೂ ಸೇರುವುದಿಲ್ಲ, ರಿಪೇರಿ ಮಾಡುವವರೇ ಇಲ್ಲದ ಮೇಲೆ ಮತ್ತೇನು ಬಂದೀತು?

ಆತುರವೂ ಬೇಡ. ಮೊದಲು ಬ್ಯಾಕಪ್, ಆಮೇಲೆ ಪರೀಕ್ಷೆಯ ಮೆಷಿನ್, ಕೊನೆಗೆ ಜನ ಬಳಸುವ ಸರ್ವರ್. ಸರ್ವರ್‌ಗೆ ಯಾರಾದರೂ ನುಗ್ಗಿ ಅನಾಹುತ ಆದರೆ ಮೇಲಿನವರಿಗೆ ಹೆದರಿ ಮುಚ್ಚಿಡಬೇಡ. ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ನಿರ್ದೇಶನವೇ ಇದೆ.

ನಿಮ್ಮ ಹೊಲದ ಪಹಣಿ, ತಂಗಿಯ ಜಾತಿ ಪ್ರಮಾಣಪತ್ರ, ಅಜ್ಜಿಯ ಪಿಂಚಣಿ, ಎಲ್ಲವೂ ಎಲ್ಲೋ ಒಂದು ಸರ್ವರ್‌ನಲ್ಲಿವೆ. ನಿನ್ನಂಥ ಒಬ್ಬ ಹುಡುಗ ಅದನ್ನು ಕಾಯುತ್ತಿದ್ದಾನೆ. ಸೇರಿದ ಮೊದಲ ದಿನವೇ ನಿನ್ನ ವಶಕ್ಕೆ ಬಂದ ಸರ್ವರ್‌ಗಳನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದುಕೋ. ಮೂಲೆಯಲ್ಲಿ ಯಾರೋ ಹಚ್ಚಿಟ್ಟು ಮರೆತದ್ದು ಇದ್ದರೆ ಅದನ್ನು ಎಲ್ಲಕ್ಕಿಂತ ಮೇಲೆ ಬರೆ.